ನಾಲ್ಕನೇ ಒಂಟೆಯ ಸವಾರ

"ಇನ್ನೊಂದು ಸಲ ಹಿಂದಕ್ಕೆ ಹಾಕು," ಎಂದೆ.

ಚೇತನಾ ರಿಮೋಟನ್ನು ಸೋಫಾದ ಮೇಲೆ ಎಸೆದಳು. "ಸಾಕ್ರೀ ಆಂಟಿ! ಮುಂಜಾನಿಂದ ಅದನ್ನ ನೋಡಾಕತ್ತೀವಿ. ಅಲ್ಲಿ ಹೊತ್ತು ಮುಳುಗಿದ್ರ ಎಲ್ಲಾ ಮುಗೀತು."

ಅವಳ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ಕ್ರಿಸ್‌ಮಸ್ ರಜೆಗೆ ಜೋರ್ಡಾನ್‌ಗೆ ಹೋಗಿದ್ದ ಅವಳ ಅಣ್ಣ ಬಸವ, ಮರಳು ಕಣಿವೆಯ ಸವಾರಿಯಲ್ಲಿ ಒಂಟೆಯ ಮೇಲಿಂದಲೇ ಮಾಯವಾಗಿದ್ದ. ಸವಾರರ ಸಾಲು ರಾತ್ರಿಯ ಬಿಡಾರ ತಲುಪಿದಾಗ ಕೊನೆಯ ಒಂಟೆಯ ಬೆನ್ನು ಖಾಲಿ. ಅಂದಿನಿಂದ ಹುಡುಕಿ ಹುಡುಕಿ ಸೋತವರು ಇವತ್ತು ಕತ್ತಲಾದರೆ ನಿಲ್ಲಿಸುತ್ತೇವೆಂದು ಹೇಳಿ ಕಳಿಸಿದ್ದರು. ಅಮೆರಿಕದ ಈ ರಾಚೆಸ್ಟರ್ ಹಿಲ್ಸ್‌ನಲ್ಲಿ ಬೆಳಗಿನ ಕಾಫಿಯ ಹೊತ್ತೆಂದರೆ ಅಲ್ಲಿ ಇಳಿಹೊತ್ತು.

ರಿಮೋಟ್ ಎತ್ತಿಕೊಂಡು ನಾನೇ ಹಿಂದಕ್ಕೆ ಹಾಕಿದೆ. ಓದು ಮುಗಿಸಿ ಡಾಕ್ಟರಾಗಿರುವ ಹೆಣ್ಣುಮಗಳು ನನ್ನನ್ನು ಆಂಟಿ ಎನ್ನುತ್ತಾಳಲ್ಲ ಎಂದು ಬೇರೆ ದಿನವಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಇವತ್ತು ಅವಳ ಮುಖ ನೋಡಿ ಸುಮ್ಮನಾದೆ. ಕಣ್ಣು ಬಾತುಹೋಗಿದ್ದವು, ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು.

ಇಟಾಸ್ಕಾದ ಇನ್ಶೂರೆನ್ಸ್ ಆಫೀಸಿನಲ್ಲಿ ನನ್ನ ಕೆಲಸ ಸುಳ್ಳು ಆಕ್ಸಿಡೆಂಟುಗಳನ್ನು ಹಿಡಿಯುವುದು. ಕತ್ತು ನೋವೆಂದು ಪಟ್ಟಿ ಕಟ್ಟಿಕೊಂಡವರು ಮರುದಿನ ಕ್ರಿಕೆಟ್ ಆಡುವುದನ್ನು ಮರದ ಮರೆಯಲ್ಲಿ ನಿಂತು ನೋಡಿದವಳು ನಾನು. ನನ್ನ ಚಿಕ್ಕಪ್ಪನ ಮಗ ಪೀರ್ ಸಾಬ್ ಮತ್ತು ಅವನ ಹೆಂಡತಿ ಸುಬಿಯಾ ಇದೇ ಸವಾರಿಯಲ್ಲಿದ್ದರು. "ದಿಲ್‌ಶಾದ್ ಆಪಾ, ನನ್ನ ಹಿಂದೆ ಬರ್ತಿದ್ದ ಮನುಷ್ಯ ಇಲ್ಲವಾಗಿಬಿಟ್ಟ, ನನಗೆ ನಿದ್ದೆ ಹತ್ತುತ್ತಿಲ್ಲ," ಎಂದು ಅವನು ಫೋನಿನಲ್ಲಿ ಅತ್ತ ಮೇಲೆ ನನಗೂ ನಿದ್ದೆ ಹತ್ತಲಿಲ್ಲ. ನಿನ್ನೆ ಹಿಮ ಸುರಿಯುತ್ತಿರುವಾಗಲೇ ಕಾರು ಹತ್ತಿ ಬಂದುಬಿಟ್ಟಿದ್ದೆ.

ಬಸವನ ಮನೆಯ ಬೇಸ್‌ಮೆಂಟು. ಕ್ಯಾಮ್‌ಕಾರ್ಡರಿಗೆ ವೈರ್ ಸಿಕ್ಕಿಸಿ ಟೀವಿಗೆ ಜೋಡಿಸಿದ್ದೆವು. ತಲೆಯ ಮೇಲೆ ಅಡುಗೆಮನೆ. ಬಸವನ ಹೆಂಡತಿ ಜಯದೇವಿ ಅಲ್ಲಿ ಅತ್ತಿಂದಿತ್ತ ಓಡಾಡುವ ಸದ್ದು ನಿಂತಿರಲೇ ಇಲ್ಲ. ಹೊರಗೆ ಯಾರೋ ಡ್ರೈವ್‌ವೇಯ ಹಿಮ ಗೋರುತ್ತಿದ್ದರು. ಗರ್‍ರ್ ಎಂದು ಸಲಿಕೆ ಉಜ್ಜುವ ಸದ್ದಿಗೆ ನನ್ನ ಹಲ್ಲು ಜುಂ ಎನ್ನುತ್ತಿತ್ತು.

ಟೇಪು ಓಡತೊಡಗಿತು.

ಕೆಂಪು ಬಂಡೆಗಳ ನಡುವೆ ಅಗಲವಾದ ಕಣಿವೆ. ಮರಳಿನ ಮೇಲೆ ಕಾಲು ಮಡಿಸಿ ಕುಳಿತ ನಾಲ್ಕು ಒಂಟೆ. ಮೊದಲನೆಯದಕ್ಕೆ ಸುಬಿಯಾ, ಎರಡನೆಯದಕ್ಕೆ ಪೀರ್ ಸಾಬ್ ಹತ್ತಿದರು. ಮೂರನೆಯದು ಕ್ಯಾಮೆರಾ ಹಿಡಿದಿದ್ದ ಜಯದೇವಿಯದು. ಕುಳಿತ ಒಂಟೆ ಮೊದಲು ಹಿಂಗಾಲು ಎತ್ತುತ್ತದೆ. ಅದು ಗೊತ್ತಿಲ್ಲದ ಇಬ್ಬರೂ ಮುಂದಕ್ಕೆ ಮುಗ್ಗರಿಸಿ ಕಿರುಚಿದರು. ಗೈಡ್ ಸಾಲಿಂ ಬೆನ್ನು ಹಿಂದಕ್ಕೆ ವಾಲಿಸಿ ತೋರಿಸುತ್ತ ಜೋರಾಗಿ ನಗುತ್ತಿದ್ದ.

ಕೊನೆಗೆ ಬಸವ. ನೀಲಿ ಜಾಕೆಟ್ಟು, ತಲೆಗೆ ಸುತ್ತಿದ ಕೆಂಪು ಚೌಕಳಿಯ ವಸ್ತ್ರ. ಹತ್ತುವ ಮುಂಚೆ ಬಗ್ಗಿ ಒಂಟೆಯ ಕತ್ತು ಮುಟ್ಟಿ, ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

ಕ್ಯಾಮೆರಾದ ಹಿಂದಿನಿಂದ ಜಯದೇವಿಯ ನಗು. "ಏನ್ರೀ, ಒಂಟಿಗೂ ಪೂಜೀನ? ಅದೇನ ನಿಮ್ಮ ಹೊಸ ಕಾರ?"

"ಇದನ್ನ ಯಾವಾಗ್ಲೂ ಮಾಡ್ತಾರಾ?" ಎಂದೆ.

"ಯಾವುದನ್ನ?"

"ಮುಟ್ಟಿ ಕಣ್ಣಿಗೆ ಒತ್ಕೊಳ್ಳೋದನ್ನ."

ಚೇತನಾಳ ತುಟಿ ಅಳು ಬಂದಂತೆ ಸೊಟ್ಟಗಾಯಿತು. "ನಮ್ಮಪ್ಪ ಬಸ್ ಡ್ರೈವರ್ ಇದ್ರು ಆಂಟಿ. ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ಕೊಳ್ಳದ ಒಂದಿವ್ಸನೂ ಗಾಡಿ ತಗದಿಲ್ಲ. ಅಣ್ಣಗೂ ಅದ ಚಟ. ಕಾರು, ವಿಮಾನ, ಯಾವುದ ಹತ್ತಲಿ, ಮೊದ್ಲ ಮುಟ್ಟಬೇಕು. ಇಲ್ಲಿ ಹುಲ್ಲು ಕತ್ತರಿಸೋ ಮಷೀನಿಗೂ ನಮಸ್ಕಾರ ಮಾಡೇ ಕೂಡ್ತಾನ. ಅಕ್ಕಪಕ್ಕದ ಅಮೆರಿಕನ್ನರು ನೋಡಿ ನಗ್ತಾರ."

"ಗಾಡಿ ನಿಲ್ಲಿಸಿ ಇಳಿದು ಮತ್ತೆ ಹತ್ತಿದರೆ?"

"ಮತ್ತ ಮುಟ್ಟತಾನ. ಪೆಟ್ರೋಲ್ ಹಾಕ್ಸಾಕ ಇಳಿದ್ರೂ ಮುಟ್ಟತಾನ. ಒಮ್ಮೆ ಅರ್ಜೆಂಟಿನಾಗ ಮರತು, ಫ್ರೀವೇ ಎಕ್ಸಿಟ್ ತಗೊಂಡು, ಕಾರ್ ನಿಲ್ಲಿಸಿ, ಇಳಿದು ಮುಟ್ಟಿ ಹತ್ಯಾನ. ಜಯದೇವಿ ವೈನಿ ಅವತ್ತ ಅವನ್ನ ಎಷ್ಟು ಬೈದಾರ!"

"ಹಾಗಾದ್ರೆ ಈಗ ಇದನ್ನ ನೋಡು," ಎಂದು ಟೇಪನ್ನು ಮುಂದಕ್ಕೆ ಓಡಿಸಿದೆ.

ಮೊದಲ ಕಣಿವೆ ಮುಗಿದು ಚಹಾದ ಡೇರೆ. ಸಾಮಾನು ಹೊತ್ತ ಜೀಪೂ ಬಂದು ಅಲ್ಲಿ ನಿಂತಿತ್ತು. ಗಾಳಿ ಎದ್ದಿತ್ತು, ಮರಳು ಹಾರುತ್ತಿತ್ತು. ಎಲ್ಲರೂ ವಸ್ತ್ರವನ್ನು ಮುಖಕ್ಕೂ ಸುತ್ತಿಕೊಂಡು ಕಣ್ಣಷ್ಟೇ ಬಿಟ್ಟಿದ್ದರು. ಚಹಾದ ಲೋಟಗಳನ್ನು ತೋರಿಸಿ ಚಿತ್ರ ಕಡಿಯಿತು. ಮತ್ತೆ ಶುರುವಾದಾಗ ಎರಡನೇ ಕಣಿವೆಗೆ ಹೊರಡುವ ಗಡಿಬಿಡಿ.

ಸುಬಿಯಾ ಹತ್ತಿದಳು. ಒಂಟೆ ಹಿಂಗಾಲು ಎತ್ತುವ ಮೊದಲೇ ಜಾಣೆಯ ಹಾಗೆ ಹಿಂದಕ್ಕೆ ವಾಲಿದಳು. ಪೀರ್ ಸಾಬನೂ ವಾಲಿದ. ಒಂದು ಸಲ ಮುಗ್ಗರಿಸಿದ ಮೇಲೆ ಯಾರಿಗಾದರೂ ಬುದ್ಧಿ ಬಂದೇ ಬರುತ್ತದೆ.

ನಾಲ್ಕನೇ ಒಂಟೆಯ ಹತ್ತಿರ ನೀಲಿ ಜಾಕೆಟ್ಟಿನ ಮನುಷ್ಯ ಬಂದ. ಒಂಟೆಯ ಕತ್ತಿನ ಕಡೆ ನೋಡಲೂ ಇಲ್ಲ. ಸೀದಾ ಕಾಲು ಹಾಕಿ ಕುಳಿತ. ಒಂಟೆ ಎದ್ದಿತು. ಅವನು ದಡಕ್ಕನೆ ಮುಂದಕ್ಕೆ ಬಿದ್ದು ಅದರ ಕತ್ತನ್ನು ತಬ್ಬಿಕೊಂಡ.

ಚಿತ್ರ ನಿಲ್ಲಿಸಿದೆ.

ಚೇತನಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. "ಮುಟ್ಟಲಿಲ್ಲ," ಎಂದಳು, ಗಂಟಲಲ್ಲೇ.

"ಮುಟ್ಟಲಿಲ್ಲ. ಮತ್ತೆ ಒಂಟೆ ಏಳೋ ರೀತಿನೂ ಅವನಿಗೆ ಗೊತ್ತಿಲ್ಲ. ಮೊದಲ ಕಣಿವೇಲಿ ಇವನು ಒಂಟೆ ಹತ್ತಿಲ್ಲ ಚೇತನಾ. ಇವನು ನಿಮ್ಮಣ್ಣ ಅಲ್ಲ."

"ಅಂದ್ರ ಅಣ್ಣ..."

"ಚಹಾದ ಡೇರೆ ಹತ್ತಿರಾನೇ ಇಳಿದುಹೋಗಿದಾರೆ. ಇಷ್ಟು ದಿನ ಅವರನ್ನ ಹುಡುಕಿರೋದು ಎರಡನೇ ಕಣಿವೇಲಿ. ಅವರು ಆ ಕಣಿವೆಗೆ ಕಾಲೇ ಇಟ್ಟಿಲ್ಲ."

ಅವಳು ಒಂದೇ ಜಿಗಿತಕ್ಕೆ ಮೇಜಿನ ಮೇಲಿದ್ದ ಫೋನಿನತ್ತ ಹೋದಳು. ಹೊರದೇಶಕ್ಕೆ ಮಾತಾಡುವ ಕಾಲಿಂಗ್ ಕಾರ್ಡು ಅಲ್ಲೇ ಬಿದ್ದಿತ್ತು. ನಾನು ರಿಸೀವರ್ ಮೇಲೆ ಕೈಯಿಟ್ಟೆ.

"ಹುಡುಕೋರಿಗೆ ಏನಂತ ಹೇಳ್ತೀಯಾ? ಆ ಡೇರೆ ಹಿಂದೆ ಬಂಡೆಗಳ ಮಧ್ಯ ದಾರಿ ಮೇಲೆ ದಾರಿ ಇದೆ ಅಂತ ಪೀರ್ ಸಾಬ್ ಹೇಳಿದಾನೆ. ಕತ್ತಲಾಗೋದ್ರೊಳಗೆ ಯಾವ ದಾರಿ ಹಿಡೀಬೇಕು ಅವರು? ಅದು ಗೊತ್ತಿರೋದು ಈ ಒಂಟೆ ಹತ್ತಿದೋನಿಗೆ ಮಾತ್ರ."

"ಅವನ್ನ ಎಲ್ಲಿ ಹುಡಕೋದ್ರೀ ಈಗ?"

ನಾನು ಬೇಸ್‌ಮೆಂಟಿನ ಕಿಟಕಿಯತ್ತ ಕೈ ತೋರಿಸಿದೆ. ಗೋಡೆಯ ತುದಿಯಲ್ಲಿ, ನೆಲದ ಮಟ್ಟಕ್ಕಿದ್ದ ಪುಟ್ಟ ಕಿಟಕಿ. ಅದರಾಚೆ ಹಿಮ ಗೋರುವವನ ಬೂಟುಗಳಷ್ಟೇ ಕಾಣುತ್ತಿದ್ದವು. ಎಡಗಾಲು ಮುಂದಿಟ್ಟು, ಬಲಗಾಲನ್ನು ಎಳೆದುಕೊಳ್ಳುತ್ತಿದ್ದ.

"ಅಶ್ವಥ್?" ಎಂದಳು ಚೇತನಾ. ಬಸವನ ಜೊತೆಯೇ ಪ್ರವಾಸಕ್ಕೆ ಹೋಗಿದ್ದ ಗೆಳೆಯ ಅವನು. "ಅವ್ರು ಜೀಪಿನ್ಯಾಗಿದ್ರು. ಹೊಟ್ಟಿ ಕೆಟ್ಟಿತ್ತು. ಒಂಟಿ ಹತ್ತೇ ಇಲ್ಲ."

"ಅದಕ್ಕೇ ಕೇಳ್ತಿರೋದು. ಆ ಗುಂಪಲ್ಲಿ ಒಂಟೆ ಹತ್ತದೆ ಇದ್ದೋರು ಯಾರು? ಅಶ್ವಥ್, ನಿಮ್ಮಣ್ಣ ಇಬ್ಬರದೂ ಒಂದೇ ಆಫೀಸು ತಾನೆ? ಆ ನೀಲಿ ಜಾಕೆಟ್ಟು ಎಲ್ಲಿಂದ ಬಂತು?"

ಉತ್ತರ ನನಗೆ ಗೊತ್ತಿತ್ತು. ಕಾರಿನ ಸೀಟು ಮಾಡುವ ಅವರ ಕಂಪನಿ ಕ್ರಿಸ್‌ಮಸ್ಸಿಗೆಂದು ಆಬರ್ನ್ ಹಿಲ್ಸ್ ಆಫೀಸಿನ ಎಲ್ಲರಿಗೂ ಒಂದೇ ಬಗೆಯ ಜಾಕೆಟ್ ಹಂಚಿತ್ತು. ಪುಕ್ಕಟೆ ಸಿಕ್ಕಿದ ಜಾಕೆಟ್ಟನ್ನು ನಮ್ಮವರು ಮನೆಯಲ್ಲಿ ಬಿಟ್ಟು ಹೋಗುವುದುಂಟೆ? ಇಬ್ಬರೂ ಹಾಕಿಕೊಂಡೇ ವಿಮಾನ ಹತ್ತಿದ್ದರು. ಅಶ್ವಥ್ ಇವತ್ತೂ ಅದನ್ನೇ ಹಾಕಿಕೊಂಡು ಬಂದಿದ್ದ.

"ಏರ್‌ಪೋರ್ಟಿನಿಂದ ಇವರನ್ನ ಕರ್ಕೊಂಡು ಬಂದಿದ್ದು ನೀನೇ ಅಲ್ವಾ? ಆಗ ಅಶ್ವಥ್ ಕುಂಟ್ತಿದ್ರಾ?"

"ಹೂಂರೀ," ಎಂದಳು, ಕಣ್ಣು ಕಿಟಕಿಯಿಂದ ಕೀಳದೆ. "ಅವ್ರ ಬ್ಯಾಗ್ ನಾನ ಎತ್ತಿದೆ."

"ಕರಿ ಅವರನ್ನ. ನಾನು ಕೇಳೋವರೆಗೂ ನೀನು ಬಾಯಿ ಬಿಡಬೇಡ."

* * *

ಅಶ್ವಥ್ ಮೆಟ್ಟಿಲಿಳಿದು ಬಂದ. ಮೈಸೂರಿನ ಹುಡುಗ, ಮೆತ್ತನೆಯ ಮಾತು. ಮೂಗು ಚಳಿಗೆ ಕೆಂಪಾಗಿತ್ತು. ಜಯದೇವಿಯ ಜೊತೆ ವಾಪಸಾದಾಗಿನಿಂದ ದಿನವೂ ಬಂದು ಈ ಮನೆಯ ಹಿಮ ಗೋರುತ್ತಿದ್ದ, ಹಾಲು ತರಕಾರಿ ತಂದು ಹಾಕುತ್ತಿದ್ದ. ಊರವರೆಲ್ಲ ಇಂಥ ಸ್ನೇಹಿತ ಸಿಗಬೇಕು ಎನ್ನುತ್ತಿದ್ದರು. ನನಗೆ ಮಾತ್ರ ಜಯದೇವಿ ವಾಪಸು ಬಂದದ್ದೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನನ್ನ ಗಂಡ ಸಾಕಿಬ್ ಹಾಗೆ ಕಾಣೆಯಾಗಿದ್ದರೆ ಯಾರು ಏನೇ ಹೇಳಲಿ, ನಾನು ಆ ಮರಳಿನ ಮೇಲೇ ಕೂತಿರುತ್ತಿದ್ದೆ.

"ಏನಾದ್ರೂ ನ್ಯೂಸ್ ಬಂತಾ ಮೇಡಂ?"

"ಕೂತ್ಕೊಳ್ಳಿ. ಕಾಲಿಗೇನಾಯ್ತು?"

"ಏನಿಲ್ಲ, ನಮ್ಮನೆ ಡ್ರೈವ್‌ವೇನಲ್ಲಿ ಸ್ಲಿಪ್ ಆಯ್ತು. ಐಸ್."

"ಇಲ್ಲಿಗೆ ಬಂದ ಮೇಲೆ?"

"ಹೂಂ. ಬಂದ ಮಾರನೇ ದಿನ."

ಚೇತನಾ ಉಸಿರೆಳೆದುಕೊಂಡಳು. ನಾನು ಅವಳ ಕೈ ಒತ್ತಿ ಹಿಡಿದೆ.

"ಪಾಪ, ಅಷ್ಟು ದೂರ ಹೋಗಿ ಒಂಟೆ ಸವಾರಿ ಮಿಸ್ ಮಾಡ್ಕೊಂಡ್ರಲ್ಲ," ಎಂದೆ.

"ಏನ್ ಮಾಡೋದು ಮೇಡಂ. ಹಿಂದಿನ ದಿನ ಏನೋ ತಿಂದಿದ್ದು ಹೊಟ್ಟೆ ಅಪ್‌ಸೆಟ್. ಕಂಬಳಿ ಹೊದ್ದು ಜೀಪಿನ ಹಿಂದಿನ ಸೀಟಲ್ಲಿ ಮಲಗಿದ್ದೆ. ಬಿಡಾರಕ್ಕೆ ಹೋದ ಮೇಲೇ ಎದ್ದಿದ್ದು. ಡ್ರೈವರ್‌ನ ಬೇಕಾದ್ರೆ ಕೇಳಿ."

"ಡ್ರೈವರ್ ನೋಡಿದ್ದು ನಿಮ್ಮನ್ನಾ, ಕಂಬಳಿನಾ?"

ಅವನು ನಕ್ಕ. ನಗು ತುಟಿ ದಾಟಲಿಲ್ಲ. ನಾನು ಟೇಪು ಹಾಕಿದೆ. ಮೊದಲ ಸವಾರಿ, ಬಸವನ ಬೆರಳು, ಕಣ್ಣು. ಆಮೇಲೆ ಎರಡನೆಯದು. ಮುಗ್ಗರಿಸಿ ಒಂಟೆಯ ಕತ್ತು ತಬ್ಬಿದ ಮನುಷ್ಯನನ್ನು ಹಾಗೇ ನಿಲ್ಲಿಸಿದೆ.

"ಇವರು ಯಾರು?"

"ಬಸವ."

"ಇನ್ನೊಂದು ಸಲ ನೋಡಿ ಹೇಳಿ."

"ಬಸವನೇ ಮೇಡಂ. ಜಾಕೆಟ್..."

"ಜಾಕೆಟ್ ನಿಮ್ಮ ಮೈಮೇಲೂ ಇದೆ."

ಅವನ ಕೈ ಅರಿವಿಲ್ಲದೆ ಎದೆಯ ಜಿಪ್ ಮುಟ್ಟಿತು. ತಲೆಯ ಮೇಲೆ ಜಯದೇವಿಯ ಹೆಜ್ಜೆ ಸದ್ದು ನಿಂತಿತು.

"ನಡೀತಿರೋ ಒಂಟೆ ಮೇಲಿಂದ ಕೆಳಕ್ಕೆ ಹಾರಿದರೆ ಮರಳಾದ್ರೂ ಕಾಲು ಉಳುಕುತ್ತೆ ಅಶ್ವಥ್," ಎಂದೆ. "ಐಸ್ ಮೇಲೆ ಜಾರಿದೋರನ್ನ ನಾನು ದಿನಾ ನೋಡ್ತೀನಿ. ನೀವು ಡೆಟ್ರಾಯಿಟ್ ಏರ್‌ಪೋರ್ಟಲ್ಲೇ ಕುಂಟ್ತಿದ್ರಿ. ಏರ್‌ಪೋರ್ಟ್ ಒಳಗೆ ಐಸ್ ಇತ್ತಾ?"

"ಮೇಡಂ, ನೀವು ಏನೋ ತಪ್ಪು..."

ಚೇತನಾ ನನ್ನ ಕೈ ಕೊಡವಿಕೊಂಡು ಎದ್ದಳು. ಅವನ ಮುಂದೆ ನೆಲದ ಮೇಲೇ ಮಂಡಿಯೂರಿ ಕುಳಿತಳು.

"ಅಶ್ವಥ್, ನೀವು ನಮ್ಮನ್ಯಾಗ ಎಷ್ಟು ಸಲ ಉಂಡೀರಿ? ನಾನು ನಿಮಗ ರೊಟ್ಟಿ ಬಡದು ಹಾಕೀನಿ. ನನಗ ಸಿಟ್ಟಿಲ್ಲ. ನೀವು ಏನ ಮಾಡಿರಲಿ, ನಾ ಕೇಳೂದಿಲ್ಲ. ಅಣ್ಣ ಎಲ್ಲಿ ಇಳದಾ ಅಷ್ಟ ಹೇಳ್ರಿ. ಇನ್ನೊಂದು ತಾಸಿಗೆ ಅಲ್ಲಿ ಕತ್ತಲಾಗ್ತದ. ಹುಡುಕೋವ್ರು ಡೇರೆ ಕಿತ್ಕೊಂಡು ಹೋಗಿಬಿಡ್ತಾರ."

ಅವನು ಅವಳನ್ನು ನೋಡಲಿಲ್ಲ. ಟೀವಿಯಲ್ಲಿ ನಿಂತುಹೋಗಿದ್ದ ತನ್ನನ್ನೇ ನೋಡಿದ. ಆಮೇಲೆ ಒಮ್ಮೆಗೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಇಷ್ಟು ವರ್ಷದಲ್ಲಿ ಎಷ್ಟೋ ಸುಳ್ಳುಗಾರರು ನನ್ನ ಎದುರು ಅತ್ತಿದ್ದಾರೆ. ಇವನ ಅಳು ಅಂಥದ್ದಾಗಿರಲಿಲ್ಲ.

"ಅವನೇ ಕೇಳ್ಕೊಂಡ," ಎಂದ. "ಅರ್ಧ ಗಂಟೆ ನನ್ನ ಜಾಗದಲ್ಲಿ ಕೂತ್ಕೊ, ಯಾರಿಗೂ ಗೊತ್ತಾಗಬಾರದು, ಬಂಡೆ ಹಿಂದಿನಿಂದ ನಾನು ನಿಮಗಿಂತ ಮುಂಚೆ ಬಿಡಾರಕ್ಕೆ ಬಂದಿರ್ತೀನಿ ಅಂದ. ಯಾಕೆ ಅಂತ ಕೇಳಿದೆ. ಕೇಳಬೇಡ ಅಂದ. ಬಸವ ಕೇಳಿದ್ರೆ ನಾನು ಇಲ್ಲ ಅಂತೀನಾ ಮೇಡಂ? ಕೊನೇ ತಿರುವಲ್ಲಿ ಹಾರಿದೆ. ಜೀಪು ಅಲ್ಲೇ ನಿಂತಿತ್ತು, ಹಿಂದಿನಿಂದ ಒಳಗೆ ನುಸುಳ್ಕೊಂಡೆ. ಅವನು ಬರ್ತಾನೆ, ಬರ್ತಾನೆ ಅಂತ ಕಂಬಳಿ ಒಳಗೆ ಕಾಯ್ತಾ ಇದ್ದೆ. ಬರಲಿಲ್ಲ."

"ಯಾವ ದಾರಿ ಹಿಡಿದ?"

"ಡೇರೆ ಹಿಂದೆ ಮೂರು ಸೀಳು ಇವೆ. ಮಧ್ಯದ್ದು. ಒಳಗೆ ಹೋದರೆ ಮೇಲೆ ಕಲ್ಲಿನ ಕಮಾನು ಕಾಣುತ್ತೆ. ಅದರ ಕೆಳಗೆ ಹೋಗೋದನ್ನ ನಾನೇ ನೋಡಿದೀನಿ."

ಚೇತನಾ ಆಗಲೇ ಫೋನಿನ ಹತ್ತಿರವಿದ್ದಳು. ಕಾರ್ಡಿನ ಉದ್ದನೆಯ ನಂಬರನ್ನು ಒತ್ತತೊಡಗಿದಳು. ಒಂದು ಅಂಕಿ ತಪ್ಪಿತು. ಬೈದುಕೊಂಡು ಮೊದಲಿನಿಂದ ಶುರುಮಾಡಿದಳು.

ನನಗೆ ಇನ್ನೂ ಸಮಾಧಾನವಾಗಲಿಲ್ಲ. ಒಂದು ಎಳೆ ಹೊರಗೇ ಉಳಿದಿತ್ತು.

"ಅವನು ಬರಲಿಲ್ಲ ಅಂತ ಗೊತ್ತಾದ ತಕ್ಷಣ ಯಾಕೆ ಹೇಳಲಿಲ್ಲ ಅಶ್ವಥ್? ಜನ ತಪ್ಪು ಕಣಿವೇಲಿ ಹುಡುಕ್ತಿದ್ರು. ನೀವು ನೋಡ್ತಾ ನಿಂತಿದ್ರಿ."

"ಹೇಳೋಕೇ ಹೊರಟಿದ್ದೆ. ಬೇಡ ಅಂದ್ರು."

"ಯಾರು?"

ಅವನು ತುಟಿ ಕಚ್ಚಿದ.

ನಾನು ಟೀವಿಯ ಕಡೆ ತಿರುಗಿದೆ. ಒಂಟೆಯ ಕತ್ತು ತಬ್ಬಿದ ಮನುಷ್ಯನ ತಲೆಯ ಹಿಂಭಾಗ ನಮ್ಮ ಕಡೆಗಿತ್ತು. ಕೆಂಪು ಚೌಕಳಿಯ ವಸ್ತ್ರದ ಗಂಟು ಹಿಂದೆ ಅಚ್ಚುಕಟ್ಟಾಗಿ ಬಿದ್ದಿತ್ತು. ತುದಿಗಳನ್ನು ಮಡಿಸಿ ಒಳಕ್ಕೆ ಸಿಕ್ಕಿಸಲಾಗಿತ್ತು, ಸೀರೆಯ ಸೆರಗು ಸಿಕ್ಕಿಸುವ ಹಾಗೆ. ತನ್ನ ತಲೆಯ ಹಿಂದೆ ತಾನೇ ಹಾಗೆ ಕಟ್ಟಿಕೊಳ್ಳಲು ಯಾವ ಗಂಡಸಿಗೂ ಬರುವುದಿಲ್ಲ.

"ಇದನ್ನ ಕಟ್ಟಿದ್ದು ಯಾರು?"

ಅವನ ಕಣ್ಣು ನನ್ನ ಭುಜ ದಾಟಿ ಮೆಟ್ಟಿಲ ಕಡೆ ಹೋಯಿತು.

ಆಗ ಹೊಳೆಯಿತು, ಇಷ್ಟು ಹೊತ್ತು ನಾನು ಟೇಪನ್ನು ನೋಡಿದ್ದೆನೇ ಹೊರತು ಕೇಳಿರಲಿಲ್ಲ. ಮೊದಲ ಸಲ ಬಸವ ಒಂಟೆ ಮುಟ್ಟಿದಾಗ ಕ್ಯಾಮೆರಾದ ಹಿಂದಿನವಳು ನಕ್ಕಿದ್ದಳು, ಕಾಡಿಸಿದ್ದಳು. ಮರೆತರೂ ವಾಪಸು ಬಂದು ಮುಟ್ಟುವ ಗಂಡ ಎರಡನೇ ಸಲ ಮುಟ್ಟದೆ ಹತ್ತಿದಾಗ ಆಕೆ ತುಟಿ ಬಿಚ್ಚಿರಲಿಲ್ಲ. ಮುಗ್ಗರಿಸಿದಾಗಲೂ ಒಂದು ಕೂಗಿಲ್ಲ, ನಗುವಿಲ್ಲ. ಗಾಳಿಯ ಸದ್ದು ಮಾತ್ರ.

ಜಯದೇವಿ ಮೆಟ್ಟಿಲಿಳಿದು ಬರುತ್ತಿದ್ದಳು. ಕೈಯಲ್ಲಿ ಚಹಾದ ಟ್ರೇ ಇತ್ತು. ಎಲ್ಲರಿಗೂ ಹಾಕಿಟ್ಟ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು. ಎಷ್ಟು ಹೊತ್ತಿನಿಂದ ಮೇಲೆ ನಿಂತು ಕೇಳುತ್ತಿದ್ದಳೋ. ಯಾರ ಮುಖವನ್ನೂ ನೋಡದೆ ಬಂದು ಟ್ರೇಯನ್ನು ಫೋನಿನ ಪಕ್ಕ ಇಟ್ಟಳು.

"ರಿಂಗ್ ಆಗಾಕತ್ತೇತಿ ವೈನಿ!" ಎಂದಳು ಚೇತನಾ. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅಶ್ವಥನ ಕಣ್ಣು ಎತ್ತ ಹೋಗಿತ್ತೆಂದು ಅವಳು ನೋಡಿರಲಿಲ್ಲ. "ಅಣ್ಣ ಎಲ್ಲಿ ಹೋಗ್ಯಾನಂತ ಗೊತ್ತಾತು. ಇಷ್ಟು ದಿವ್ಸ ತಪ್ಪು ಜಾಗಾದಾಗ ಹುಡುಕ್ಯಾರ. ಈಗ ಹೇಳಿಬಿಟ್ರ..."

ಆ ಕಡೆ ಯಾರೋ ಎತ್ತಿಕೊಂಡರು. ಗಂಡಸಿನ ದನಿ ನನಗೂ ಕೇಳಿಸಿತು.

"ಹಲೋ? ಹಲೋ, ಸರ್—"

ಜಯದೇವಿ ಬೆರಳು ಚಾಚಿ ಫೋನಿನ ಕೊಕ್ಕೆಯನ್ನು ಒತ್ತಿದಳು. ಲೈನು ಸತ್ತುಹೋಯಿತು. ಬೆರಳನ್ನು ಅವಳು ತೆಗೆಯಲಿಲ್ಲ.

"ಆ ಕಮಾನಿನ ಕಡೆ ಕಳಿಸಬ್ಯಾಡ ಚೇತನಾ, ನಿಮ್ಮಣ್ಣ ತಾವಾಗೇ ಹೋಗ್ಯಾರ," ಎಂದಳು. ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ. "ಅಲ್ಲಿ ಹುಡುಕಿದ್ರ ಅವರು ಸಿಕ್ಕಬಿಡ್ತಾರ."